ಎರಡು ಕೋಣೆ, ಒಂದೇ ಬಾಗಿಲು

ಮೊದಲನೇ ಬಸಿರು ಒಂಬತ್ತನೇ ವಾರಕ್ಕೆ ಹೋಯಿತು. ಒಂದು ಆಸ್ಪತ್ರೆಯಲ್ಲಿ ಕ್ಲೀನ್ ಮಾಡಿಸಿಕೊಂಡು ಮನೆಗೆ ಬಂದೆ. ಮೂರು ವಾರವಾದರೂ ರಕ್ತ ಹೋಗುವುದು ನಿಲ್ಲಲಿಲ್ಲ. ಆಷಾಢದ ಮಳೆ, ಒಗೆದ ಬಟ್ಟೆ ಒಣಗುವ ಮಾತೇ ಇಲ್ಲ. ಅತ್ತೆ ಏನೂ ಕೇಳದೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ನನ್ನ ಬಟ್ಟೆ ಹರವುತ್ತಿದ್ದರು. ಕೊನೆಗೆ ಜ್ವರ ಬಂತು. ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಬೇರೆ ಡಾಕ್ಟರಿಗೆ ತೋರಿಸಿದೆವು. ಅವರು ಸ್ಕ್ಯಾನಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. "ನಿಮ್ಮ ಗರ್ಭಕೋಶ ಮೇಲ್ಗಡೆ ಎರಡು ಭಾಗ ಆಗಿದೆ ಕಣಮ್ಮ. ಅವರು ಕ್ಲೀನ್ ಮಾಡಿದ್ದು ಖಾಲಿ ಇದ್ದ ಕಡೆ. ಗರ್ಭ ಇದ್ದದ್ದು ಈ ಕಡೆ, ಇನ್ನೂ ಸ್ವಲ್ಪ ಉಳಿದಿದೆ."

ಎರಡನೇ ಸಲ ಕ್ಲೀನ್ ಮಾಡುವಾಗ ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟು ನೋಡಿಕೊಂಡೇ ಮಾಡಿದರು. ಹತ್ತು ನಿಮಿಷದ ಕೆಲಸ. ಮೊದಲೇ ಹೀಗೆ ಮಾಡಿದ್ದರೆ ಮೂರು ವಾರದ ನರಳಾಟ ಇರುತ್ತಿರಲಿಲ್ಲ. ಆದರೆ ಮೊದಲ ಡಾಕ್ಟರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮುಟ್ಟು ಸರಿಯಾಗಿ ಬರುತ್ತಿತ್ತು, ಮದುವೆಯಾಗಿ ಎಂಟು ತಿಂಗಳಿಗೆ ಬಸಿರಾಗಿದ್ದೆ. ಅನುಮಾನ ಬರಲು ಕಾರಣವೇ ಇರಲಿಲ್ಲ.

ಆಮೇಲೆ ನನಗೆ ಅರ್ಥವಾದದ್ದು ಇಷ್ಟು. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಅದರ ಗರ್ಭಕೋಶ ಎರಡು ಸಣ್ಣ ಕೊಳವೆಗಳಾಗಿ ಶುರುವಾಗುತ್ತದೆ. ಅವು ಕೆಳಗಿನಿಂದ ಸೇರುತ್ತಾ ಬರುತ್ತವೆ, ಸೇರಿದ ಮೇಲೆ ನಡುವಿನ ಗೋಡೆ ಕರಗುತ್ತದೆ. ಕೊಳವೆಗಳು ಪೂರ್ತಿ ಸೇರದಿದ್ದರೆ ಮೇಲೆ ಎರಡು ಕೊಂಬಿನ ಹಾಗೆ ಕವಲಾಗುತ್ತದೆ. ಇದು ಬೈಕಾರ್ನುವೇಟ್. ಸೇರಿಯೂ ನಡುಗೋಡೆ ಕರಗದೆ ಉಳಿದರೆ ಅದು ಸೆಪ್ಟೇಟ್. ನನ್ನ ಗಂಡನಿಗೆ ನಾನು ಹೇಳಿದ್ದು ಹೀಗೆ: ಅಣ್ಣ ತಮ್ಮ ಪಾಲಾಗಿ ನಡುಮನೆಗೆ ಗೋಡೆ ಹಾಕಿಕೊಂಡರೆ ಹೊರಗಿನಿಂದ ಒಂದೇ ಮನೆ, ಒಂದೇ ಮಾಡು, ಅಂದರೆ ಒಂದೇ ಸೂರು. ಅದು ಸೆಪ್ಟೇಟ್. ನನ್ನದಕ್ಕೆ ಮಾಡೇ ಎರಡು, ಹೆಬ್ಬಾಗಿಲು ಮಾತ್ರ ಒಂದು. ಅಡಿಕೆ ಮನೆಯವನಿಗೆ ತಟ್ಟನೆ ಅರ್ಥವಾಯಿತು.

ಈ ವ್ಯತ್ಯಾಸ ಸುಮ್ನೆ ಹೆಸರಿನದ್ದಲ್ಲ. ಇನ್ನೊಂದು ಕಡೆ ತೋರಿಸಿದಾಗ ಮಾಮೂಲಿ ಸ್ಕ್ಯಾನ್ ನೋಡಿ, "ಒಳಗೆ ಗೋಡೆ ಇದೆ, ದುರ್ಬೀನು ಹಾಕಿ ಕತ್ತರಿಸಿಬಿಡೋಣ" ಎಂದರು. ದಿನಾಂಕವೂ ಗೊತ್ತಾಯಿತು. ನಾನು ಒಪ್ಪಿಯೇ ಬಿಟ್ಟಿದ್ದೆ. ಏನಾದರೂ ಮಾಡಿದರೆ ಸಮಾಧಾನ, ಅಲ್ವಾ? ಶಿವಮೊಗ್ಗದ ಡಾಕ್ಟರು ತಡೆದರು. ಒಳಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಹೊರಗಿನ ಮೇಲ್ಮೈ ನೋಡದೆ ಯಾವುದೆಂದು ಹೇಳಲಾಗದು ಎಂದರು. ಗೋಡೆ ಎಂದುಕೊಂಡು ಕವಲಿನ ಸಂದಿಯನ್ನು ಕತ್ತರಿಸಿದರೆ ಗರ್ಭಕೋಶಕ್ಕೇ ತೂತು ಬೀಳಬಹುದು. ಅದಕ್ಕೆ ತ್ರೀ-ಡಿ ಸ್ಕ್ಯಾನ್ ಬೇಕು, ಇಲ್ಲವೇ ಎಂಆರ್‌ಐ. ತ್ರೀ-ಡಿ ಆದರೆ ಮುಟ್ಟಿಗೆ ಮುಂಚಿನ ಎರಡು ವಾರದಲ್ಲಿ ಮಾಡಿಸಬೇಕು, ಆಗ ಒಳಪದರ ದಪ್ಪಗಿದ್ದು ಆಕಾರ ಚೆನ್ನಾಗಿ ಕಾಣುತ್ತದೆ.

ನಾವು ಆಗುಂಬೆ ಘಾಟಿಯ 14 ತಿರುವು ಇಳಿದು ಹೋಗಿ ಎಂಆರ್‌ಐ ಮಾಡಿಸಿದೆವು. ಮೇಲ್ಗಡೆಯ ಸಂದಿ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಆಳ ಇದ್ದರೆ ಬೈಕಾರ್ನುವೇಟ್ ಎಂದು ಲೆಕ್ಕ. ನನ್ನದು 1.6. ಆಪರೇಷನ್ ರದ್ದಾಯಿತು. ಎರಡು ಕೊಂಬನ್ನು ಕೂಡಿಸಿ ಹೊಲಿಯುವ ಹಳೆಯ ಆಪರೇಷನ್ ಇದೆಯಂತೆ, ಈಗ ಅಪರೂಪ. ಕಿಡ್ನಿಯನ್ನೂ ನೋಡಿದರು. ಕಿಡ್ನಿ, ಗರ್ಭಕೋಶ ಎರಡೂ ಒಟ್ಟೊಟ್ಟಿಗೇ ಬೆಳೆಯುವುದರಿಂದ ಇಂಥವರಲ್ಲಿ ಕೆಲವರಿಗೆ ಒಂದೇ ಕಿಡ್ನಿ ಇರುತ್ತದೆ. ನನಗೆ ಎರಡೂ ಇದ್ದವು.

ಗೋಡೆ ಕತ್ತರಿಸುವುದೂ ಎಲ್ಲರೂ ಒಪ್ಪಿದ ವಿಷಯವಲ್ಲ. 2021ರಲ್ಲಿ ನೆದರ್ಲೆಂಡ್ಸ್ ವೈದ್ಯರ ಮುಂದಾಳತ್ವದ ಒಂದು ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಗೋಡೆ ತೆಗೆಸಿಕೊಂಡವರಿಗೆ ಜಾಸ್ತಿ ಮಕ್ಕಳೇನೂ ಹುಟ್ಟಿರಲಿಲ್ಲ. ಆದರೆ ಸೇರಿದ್ದವರು ಸುಮಾರು 80 ಜನ ಮಾತ್ರ, ಹಾಗಾಗಿ ವಾದ ಮುಗಿದಿಲ್ಲ. ನನಗೆ ಸಂಬಂಧವಿಲ್ಲದ್ದಾದರೂ ಹೇಳಿದೆ. ನಿಮಗೆ "ಗೋಡೆ ಇದೆ" ಅಂದರೆ ಹೊರಗಿನ ಆಕಾರ ನೋಡಿದ್ದೀರಾ ಎಂದು ಮೊದಲು ಕೇಳಿ.

ಎರಡನೇ ಬಸಿರಿನ ಬಗ್ಗೆ ಬರೆಯುವುದು ಕಷ್ಟ. ಹದಿನೆಂಟು ವಾರ ಎಲ್ಲ ಚೆನ್ನಾಗಿತ್ತು. ಹತ್ತೊಂಬತ್ತನೇ ವಾರ, ಅಡಿಕೆ ಕೊಯ್ಲಿನ ಸಮಯ, ಅಂಗಳದ ತುಂಬ ಸುಲಿಯುವವರು. ಸೊಂಟದಲ್ಲಿ ಸ್ವಲ್ಪ ಭಾರ, ಬಿಳಿ ಹೋಗುವುದು ಜಾಸ್ತಿ, ಅಷ್ಟೇ. ನೋವಿಲ್ಲ. ನೋವಿಲ್ಲವಲ್ಲ ಎಂದು ಒಂದು ರಾತ್ರಿ ಸುಮ್ಮನಿದ್ದೆ. ಬೆಳಗ್ಗೆ ಹೋಗುವಷ್ಟರಲ್ಲಿ ಗರ್ಭಕೋಶದ ಬಾಯಿ ತೆರೆದಿತ್ತು. ಸಂಜೆ ನೀರು ಒಡೆಯಿತು. ಹೆಣ್ಣು ಮಗು. ನನ್ನ ಅಂಗೈಗಿಂತ ಸ್ವಲ್ಪ ಉದ್ದ. ತೋಟದ ಅಂಚಿನ ಹಲಸಿನ ಮರದ ಬುಡದಲ್ಲಿ ಮಾವ ಮಣ್ಣು ಮಾಡಿ ಬಂದರು.

ಮೂರನೇ ದಿನ ಎದೆಹಾಲು ಬಂತು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಆ ತಿಂಗಳಿನಲ್ಲಿ ಹೋದರೂ ಹಾಲು ಬರಬಹುದು, ನಿಲ್ಲಿಸಲು ಮಾತ್ರೆ ಇದೆ ಎಂದು ಮನೆಗೆ ಕಳಿಸುವಾಗ ಒಂದು ಮಾತು ಹೇಳಬಹುದಿತ್ತು. ಬಚ್ಚಲಲ್ಲಿ ಕೂತು ಅತ್ತಷ್ಟು ನಾನು ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ.

ಊರಿನವರಿಗೆ ಕಾರಣ ಬೇಕಿತ್ತು. ಸಂಕ ದಾಟಿದ್ದು, ಸ್ಕೂಟರ್ ಹತ್ತಿದ್ದು, ಕೆಸುವಿನ ಸೊಪ್ಪು ತಿಂದದ್ದು, ಚೌಡಿಗೆ ಹರಕೆ ತೀರಿಸದ್ದು. ಆಕಾರದ ವಿಷಯ ಹೇಳಿದರೆ "ಓ, ಗರ್ಭಕೋಶವೇ ಸರಿಯಿಲ್ಲವಂತೆ" ಎಂದು ಇನ್ನೊಂದು ಸುದ್ದಿ. ಆಕಾರವೇ ಎಲ್ಲಕ್ಕೂ ಕಾರಣ ಎಂದು ಡಾಕ್ಟರು ಕೂಡ ಹೇಳಲಿಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕ್ರೋಮೋಸೋಮಿನ ತಪ್ಪೇ ಕಾರಣವಂತೆ. ನನ್ನ ಮೊದಲನೆಯದು ಹಾಗೇ ಇರಬಹುದು. ಎರಡನೆಯದಕ್ಕೆ ಮಾತ್ರ ಈ ಕವಲಿನ ಕೈವಾಡ ಇದೆ ಎಂದು ಅವರ ಅಂದಾಜು. ಇಂಥ ಗರ್ಭಕೋಶದಲ್ಲಿ ಜಾಗ ಕಡಿಮೆ, ಬಾಯಿ ಬೇಗ ಸಡಿಲಾಗುವುದೂ ಇದೆ.

ನಾನು ಪಾಠ ಮಾಡುವ ಖಾಸಗಿ ಶಾಲೆಯಲ್ಲಿ "ಹೆರಿಗೆಗೆ ಮಾತ್ರ ರಜೆ" ಎಂದರು. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಗರ್ಭಪಾತವಾದರೂ ಆರು ವಾರ ಸಂಬಳದ ರಜೆ ಇತ್ತು. ಅದರ ಪ್ರಿಂಟ್ ಮತ್ತು ಡಾಕ್ಟರ ಸರ್ಟಿಫಿಕೇಟ್ ಒಟ್ಟಿಗೆ ಕೊಟ್ಟೆ. ಕೊಟ್ಟರು.

ಮೂರನೇ ಸಲಕ್ಕೆ ನಾನು ಮೊದಲು ಮಾಡಿದ ಕೆಲಸ ಎಂದರೆ ಫೈಲಿನ ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ಬರೆದದ್ದು: "ಬೈಕಾರ್ನುವೇಟ್. ಎರಡು ಕೊಂಬು, ಒಂದೇ ಬಾಯಿ. 19 ವಾರಕ್ಕೆ ನೋವಿಲ್ಲದೆ ಬಾಯಿ ತೆರೆದಿತ್ತು." ತಾಯಿ ಕಾರ್ಡಿನ ಮೇಲೂ ಬರೆದೆ. ಅದು ಏಳನೇ ವಾರಕ್ಕೇ ಉಪಯೋಗಕ್ಕೆ ಬಂತು. ರಕ್ತ ಕಾಣಿಸಿತು, ಓಡಿದೆವು. ಸ್ಕ್ಯಾನ್ ಮಾಡಿದ ಹೊಸ ಡಾಕ್ಟರು ಗರ್ಭ ಒಂದು ಪಕ್ಕದಲ್ಲಿರುವುದು ನೋಡಿ, ಸ್ಥಾನ ತಪ್ಪಿದೆಯೇನೋ ಎಂದು ಗಾಬರಿಯಾದರು. ಕೆಂಪು ಸಾಲು ತೋರಿಸಿದೆ. ಮತ್ತೆ ನೋಡಿದರು. ಬಲಗಡೆಯ ಕೊಂಬಿನೊಳಗೇ ಇತ್ತು, ಹೃದಯ ಬಡಿಯುತ್ತಿತ್ತು. ಖಾಲಿ ಇರುವ ಕೊಂಬಿನ ಒಳಪದರವೂ ದಪ್ಪವಾಗುತ್ತದೆ, ಅಲ್ಲಿಂದಲೂ ರಕ್ತ ಬರಬಹುದು ಎಂದರು.

ಹದಿಮೂರನೇ ವಾರಕ್ಕೆ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದರು. ಬರೀ ಆಕಾರ ನೋಡಿ ಹಾಕುವುದಲ್ಲ, ಹಿಂದಿನ ಸಲ ನೋವಿಲ್ಲದೆ ತೆರೆದದ್ದಕ್ಕೆ ಹಾಕಿದ್ದು. ಬೆನ್ನಿಗೆ ಇಂಜೆಕ್ಷನ್, ಒಂದು ರಾತ್ರಿ ಆಸ್ಪತ್ರೆ, ಮನೆಗೆ. ಹದಿನಾರರಿಂದ ಇಪ್ಪತ್ತನಾಲ್ಕನೇ ವಾರದವರೆಗೆ ಎರಡು ವಾರಕ್ಕೊಮ್ಮೆ ಒಳಗಿನಿಂದ ಸ್ಕ್ಯಾನ್ ಮಾಡಿ ಬಾಯಿಯ ಉದ್ದ ಅಳೆಯುತ್ತಿದ್ದರು. 25 ಮಿಲಿಮೀಟರಿಗಿಂತ ಕಡಿಮೆಯಾದರೆ ಚಿಂತೆ. ನನ್ನದು 34, 32, 31, 28, 27. ಮಂಡಗದ್ದೆ, ಗಾಜನೂರು ದಾಟುವಾಗ ತುಂಗೆ ಪಕ್ಕದಲ್ಲೇ ಹರಿಯುತ್ತಿದ್ದಳು. ನನ್ನ ತಲೆಯಲ್ಲಿ ಈ ಸಂಖ್ಯೆಗಳು. ಪ್ರತಿ ಸಲವೂ ಗಂಡೋ ಹೆಣ್ಣೋ ಕೇಳುವುದಿಲ್ಲ ಎಂದು ಸಹಿ ಹಾಕಬೇಕು. ನನಗೆ ಗಂಡೂ ಬೇಡ ಹೆಣ್ಣೂ ಬೇಡ, ಮಿಲಿಮೀಟರ್ ಬೇಕಿತ್ತು.

ಮಲಗಿಯೇ ಇರಬೇಕು ಎಂದು ಮನೆಯವರ ಹಟ. ಡಾಕ್ಟರು ಬೇಡವೆಂದರು. ಪೂರ್ತಿ ಮಲಗಿದರೆ ಗರ್ಭ ಉಳಿಯುತ್ತದೆ ಎನ್ನಲು ಆಧಾರವಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ನಾನು ಅರ್ಧ ಇವರ ಮಾತು, ಅರ್ಧ ಅವರ ಮಾತು ಕೇಳಿದೆ. ಇಪ್ಪತ್ತೆಂಟನೇ ವಾರಕ್ಕೆ ಶಿವಮೊಗ್ಗದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಮಳೆಗಾಲದ ನಡುರಾತ್ರಿ 60 ಕಿಲೋಮೀಟರ್ ದಾಟುವುದನ್ನು ನೆನೆಸಿಕೊಂಡರೆ ಆ ಬಾಡಿಗೆ ಏನೂ ಅಲ್ಲ. ನನ್ನನ್ನು ಕೇಳಿದರೆ ಹೊಲಿಗೆಯಷ್ಟೇ ಆ ಕೋಣೆಯೂ ಮಗುವನ್ನು ಉಳಿಸಿತು.

ಹೊಟ್ಟೆ ನೆಟ್ಟಗೆ ಬೆಳೆಯಲಿಲ್ಲ, ಬಲಕ್ಕೆ ವಾಲಿಕೊಂಡು ಬೆಳೆಯಿತು. ಮಗುವಿನ ತಲೆ ನನ್ನ ಪಕ್ಕೆಲುಬಿನ ಕೆಳಗೆ ಸಿಕ್ಕಿಕೊಂಡಿತ್ತು. ತಿರುಗಲು ಜಾಗವಿಲ್ಲ, ಕೊನೆಯವರೆಗೂ ಕಾಲು ಕೆಳಗೇ. ಮೂವತ್ತೊಂದನೇ ವಾರಕ್ಕೆ ಹೊಟ್ಟೆ ಬಿಗಿಯುವುದು ಶುರುವಾಯಿತು. ಮಗುವಿನ ಶ್ವಾಸಕೋಶ ಬಲಿಯಲು ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ಬಿಗಿತ ತಾನಾಗಿ ನಿಂತಿತು. ಮೂವತ್ತೈದು ವಾರ ನಾಲ್ಕು ದಿನಕ್ಕೆ ಬೆಳಗಿನ ಜಾವ ನೀರು ಒಡೆಯಿತು. ಆಟೋದಲ್ಲಿ ಹತ್ತು ನಿಮಿಷ. ಸಿಸೇರಿಯನ್ ಮಾಡಿದರು, ಆಗಲೇ ಹೊಲಿಗೆಯನ್ನೂ ಬಿಚ್ಚಿದರು. ಗಂಡು ಮಗು, 2 ಕೆಜಿ 100 ಗ್ರಾಂ. ಚೀಪುವ ಶಕ್ತಿ ಇರಲಿಲ್ಲ. ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿದೆ, ಅತ್ತೆ ತಂದ ಹಳೆಯ ಬೆಳ್ಳಿ ಒಳಲೆ. ನರ್ಸು ಅದನ್ನು ಕುದಿಸದೆ ಒಳಗೆ ಬಿಡಲಿಲ್ಲ. ಹನ್ನೆರಡು ದಿನ ಎದೆಗೆ ಎದೆ ಹಚ್ಚಿ ಮಲಗಿಸಿಕೊಂಡೆ. ಎದೆಯ ಹಾಲಿಗೆ ಈ ಸಲ ಕುಡಿಯುವವನಿದ್ದ.

ಒಂದೂವರೆ ತಿಂಗಳ ಚುಚ್ಚುಮದ್ದಿಗೆ ನಮ್ಮೂರ ಉಪಕೇಂದ್ರಕ್ಕೆ ಹೋದಾಗ ನರ್ಸಮ್ಮ, "ಮುಂದಿನದಕ್ಕೆ ಅಂತರ ಬೇಕಲ್ಲ, ಕಾಪರ್-ಟಿ ಹಾಕಿಸ್ಕೊ" ಎಂದರು. ನಾನು ಫೈಲು ತೆಗೆದು ಕೆಂಪು ಸಾಲು ತೋರಿಸಿದೆ. ಒಂದು ಕೊಂಬಿಗೆ ಹಾಕಿದರೆ ಇನ್ನೊಂದು ಖಾಲಿ, ಅದು ನನಗೆ ಆಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನರ್ಸಮ್ಮ ಕನ್ನಡಕ ಏರಿಸಿ ಎರಡು ಸಲ ಓದಿದರು.

"ಹಂಗಾದ್ರೆ ನಿಂಗೆ ಎರಡು ಹಾಕ್ಬೇಕಾಗ್ತದಲ್ಲೇ ಮಾರಾಯ್ತಿ!"

ಇಬ್ಬರೂ ಜೋರಾಗಿ ನಕ್ಕುಬಿಟ್ಟೆವು. ಮಡಿಲಲ್ಲಿದ್ದವನು ಬೆಚ್ಚಿ ಎದ್ದ, ಸೂಜಿ ಚುಚ್ಚುವ ಮೊದಲೇ ಕಿರುಚಲು ಶುರು ಮಾಡಿದ.