ಚೀಟಿ ಎತ್ತಿ ಮಾವಿನ ತೋಟ ಹಿಡಿದೆ: ನನ್ನ ಅನುಭವ

ಶ್ರೀನಿವಾಸಪುರದ ಸುತ್ತ ಮಾವಿನ ತೋಟ ಗುತ್ತಿಗೆ ಹಿಡಿಯುವ ನಮಗೆಲ್ಲ ಕಣ್ಣಂದಾಜೇ ಬಂಡವಾಳ. ಚೀಟಿ ಎತ್ತಿ ಕೆಲವು ಮರ ಆರಿಸಿ, ಅವುಗಳ ಕಾಯಿ ಎಣಿಸಿ ಇಡೀ ತೋಟದ ಫಸಲು ಅಂದಾಜು ಮಾಡುತ್ತೇನೆ ಅಂದಾಗ ಮಂಡಿಯ ಹಿರಿಯರೊಬ್ಬರು, "ಏನಪ್ಪಾ, ಲಾಟರಿ ಆಡ್ತೀಯಾ?" ಎಂದರು. ಇಳುವರಿ ಲೆಕ್ಕಕ್ಕೆ ರಾಗಿಯ ಬೆಳೆ ಕಟಾವು ಪ್ರಯೋಗ ಮಾಡುವವರು ಸರ್ವೆ ನಂಬರನ್ನು ಹೀಗೇ ಆರಿಸುತ್ತಾರೆ, ಮಾವಿಗೆ ಯಾಕೆ ಆಗಬಾರದು? ಈ ಸಲ ಒಂದು ತೋತಾಪುರಿ ತೋಟಕ್ಕೆ ನನ್ನ ಲೆಕ್ಕ 42 ಟನ್. ಬಾಮೈದ ಕಣ್ಣಲ್ಲೇ 55 ಅಂದಿದ್ದ. ಇಳಿದದ್ದು 40ರ ಮೇಲೆ ಚೂರು.

ಮೊದಲ ವರ್ಷ ಕೈ ಸುಟ್ಟುಕೊಂಡೆ. ಕೆರೆ ಪಕ್ಕದ ಉದ್ದನೆ ತೋಟ, 12 ಎಕರೆ, 480 ಮರ. ಪ್ರತಿ ಹತ್ತನೇ ಮರದ ಕಾಯಿ ಎಣಿಸಿ ಅಂದೆ. ಪ್ರತಿ ಸಾಲಿಗೂ ಕೆರೆ ಕಡೆಯಿಂದ ನಂಬರ್ ಹಾಕಿದ್ದು ಹುಡುಗರು, ನಾನು ಪುಸ್ತಕದ ಲೆಕ್ಕ ಮಾತ್ರ ನೋಡಿದೆ. ಸಾಲಿಗೂ ಹತ್ತೇ ಮರ! ಒಂದನೇ ಮರದಿಂದ ಶುರು ಮಾಡಿದ್ದಕ್ಕೆ ಸ್ಯಾಂಪಲ್‌ಗೆ ಬಿದ್ದ 48 ಮರವೂ ಕೆರೆ ಬದಿಯವೇ. ನೀರಿನ ಆಸರೆಗೆ ಅವು ಜಗ್ಗಿ ಬಿಟ್ಟಿದ್ದವು. 50 ಟನ್ ಅಂದುಕೊಂಡದ್ದು 34ಕ್ಕೆ ನಿಂತಿತು. ಕೆಜಿಗೆ 12 ರೂಪಾಯಿ ಲೆಕ್ಕದಲ್ಲಿ ಹತ್ತಿರ ಹತ್ತಿರ 2 ಲಕ್ಷ ಹೋಯಿತು.

ಆಮೇಲೆ ಮರಗಳನ್ನು ಗುಂಪು ಮಾಡಿದೆ. ಹಳೇವು, ನಡುವಯಸ್ಸಿನವು, ಎಳೆಯವು. ಗುಂಪಿಗೊಂದು ಮಡಕೆ, ಅದರಲ್ಲಿ ನಂಬರ್ ಚೀಟಿ. ಹಳೇ ಮರ ಒಂದರಲ್ಲಿ 1500 ಕಾಯಿ ಇದ್ದರೆ ಪಕ್ಕದ್ದರಲ್ಲಿ 100. ಎಳೆಯವು ಹೆಚ್ಚು ಕಮ್ಮಿ ಒಂದೇ ಥರ. ಅದಕ್ಕೇ ಹಳೇ ಮರದ ಮಡಕೆಯಿಂದ ಜಾಸ್ತಿ ಚೀಟಿ ಎತ್ತುತ್ತೇನೆ. ಆದರೆ ಒಂದು ಗುಂಪಿನ ಸರಾಸರಿಯನ್ನು ಆ ಗುಂಪಿನ ಮರಗಳಿಗೇ ಗುಣಿಸಬೇಕು. ಎಲ್ಲ ಕಲಸಿದರೆ ಲೆಕ್ಕ ಕೆಟ್ಟೀತು.

ಚೀಟಿಗೆ ಬಿದ್ದ ಮರದಲ್ಲಿ ಕಾಯಿ ಇಲ್ಲದಿದ್ದರೆ ಹುಡುಗರು ಪಕ್ಕದ ಮರ ಎಣಿಸಿಬಿಡುತ್ತಿದ್ದರು. ಮಾವು ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಕೈ ಕೊಡುತ್ತದೆ, ಅಲ್ವಾ? ಕಾಯಿಲ್ಲದ ಮರವನ್ನು ಸೊನ್ನೆ ಅಂತಲೇ ಬರೆಯಬೇಕು. ಇದೊಂದು ತಪ್ಪಿಗೇ ಎರಡನೇ ವರ್ಷದ ಲಾಭ ಅರ್ಧವಾಯಿತು.

ಸುಮ್ನೆ ಕುತೂಹಲಕ್ಕೆ 12 ಮರಗಳನ್ನು ಕೆಳಗಿಂದ ಎಣಿಸಿ, ಕೊಯ್ದ ಮೇಲೆ ಮತ್ತೆ ಎಣಿಸಿದೆವು. ಕಣ್ಣಿಗೆ ಸಿಕ್ಕಿದ್ದು 100ಕ್ಕೆ 80. ಒಳಗಿನ ಕೊಂಬೆಯವು ತಪ್ಪಿದ್ದವು. ಈಗ ಎಣಿಕೆಗೆ ಕಾಲು ಭಾಗ ಸೇರಿಸುತ್ತೇನೆ. ಮಗಳು ಫೋನಿನ ಫೋಟೊದಲ್ಲಿ ಎಣಿಸಿದಳು, ಇನ್ನೂ ಕಮ್ಮಿ ಬಂತು. ಮರದೊಳಗೆ ಯಾವ ಕೊಂಬೆ ಆರಿಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದು ನನ್ನ ಅನ್ನ.

ತೋಟ ದೊಡ್ಡದಾದಷ್ಟೂ ಚೀಟಿ ಹೆಚ್ಚಬೇಕಾ ಅಂತ ಚಿಂತಾಮಣಿ ಕಡೆಯವರೊಬ್ಬರು ಕೇಳಿದರು. ಬೇಡ. 500 ಮರಕ್ಕೆ 40 ಚೀಟಿ ಎತ್ತಿದ್ದೆ, 1200 ಮರಕ್ಕೂ 45 ಸಾಕಾಯಿತು. ಮರದಿಂದ ಮರಕ್ಕೆ ವ್ಯತ್ಯಾಸ ಜಾಸ್ತಿ ಕಂಡರೆ ಮಾತ್ರ 60ರವರೆಗೆ ಹೋಗುತ್ತೇನೆ. ಎಣಿಕೆಗೆ ಮೂರು ಆಳು, ಒಂದೂವರೆ ದಿನ, ಕೂಲಿ 2,700 ರೂಪಾಯಿ.