ಕಲ್ಲಿನ ಉಳಿಗೆ ಮತ್ತೆ ಹದ ಹಾಕಿದ್ದು

ಕಲಬುರಗಿಯ ನಮ್ಮ ಕುಲುಮೆಗೆ ಬರುವುದು ಹೆಚ್ಚಾಗಿ ಶಹಾಬಾದ್ ಕಲ್ಲು ಒಡೆಯುವವರ ಉಳಿಗಳು. ಪೇಟೆಯಲ್ಲಿ ಕೊಂಡ ಹೊಸ ಉಳಿಗಳ ತುದಿ ಗಾಜಿನಂತೆ ಚಕ್ಕೆ ಹಾರುತ್ತಿತ್ತು.

ಕಾರಣ ಹದ, ಅಂದರೆ ಉಕ್ಕನ್ನು ಕಾಯಿಸಿ ತಣಿಸುವ ರೀತಿ. 727 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕಿನ ಒಳರಚನೆ ಆಸ್ಟೆನೈಟ್ ಎಂಬ ರೂಪಕ್ಕೆ ತಿರುಗತೊಡಗಿ ಇಂಗಾಲ ಅದರಲ್ಲಿ ಕರಗುತ್ತದೆ. ನಿಧಾನವಾಗಿ ಆರಿದರೆ ಪರ್ಲೈಟ್ ಎಂಬ ಮೆದುವಾದ ರಚನೆ. ಥಟ್ಟನೆ ತಣಿಸಿದರೆ ಇಂಗಾಲಕ್ಕೆ ಹೊರಬರಲು ಸಮಯವೇ ಸಿಗದೆ ಮಾರ್ಟೆನ್‌ಸೈಟ್ ಆಗುತ್ತದೆ: ಬಲು ಗಡಸು, ಅಷ್ಟೇ ಪೆಡಸು, ಅಂದರೆ ಪೆಟ್ಟಿಗೆ ಬೇಗ ಚಕ್ಕೆ ಏಳುವಂಥದ್ದು.

ಉಳಿಯನ್ನು ಅಯಸ್ಕಾಂತಕ್ಕೆ ಅಂಟದಷ್ಟು ಕೆಂಪಗೆ ಕಾಯಿಸಿ ತುದಿಯನ್ನಷ್ಟೇ ನೀರಿಗೆ ಅದ್ದಿದೆ. ತಕ್ಷಣ ಕಲ್ಲಿಗೆ ಉಜ್ಜಿ ಹೊಳಪು ತಂದೆ. ಉಳಿಯ ಮೇಲ್ಭಾಗದ ಬಿಸಿ ತುದಿಯತ್ತ ಹರಿದಂತೆ ಹೊಳಪಿನ ಮೇಲೆ ಬಣ್ಣವೂ ಇಳಿಯಿತು: ಹುಲ್ಲಿನ ಹಳದಿ, ಕಂದು, ಆಮೇಲೆ ನೇರಳೆ. ನೋಡಲು ಎಷ್ಟು ಚೆಂದ! ನೇರಳೆಯೆಂದರೆ ಸುಮಾರು 280 ಡಿಗ್ರಿ; ಆ ಬಿಸಿಗೆ ಪೆಡಸು ತಗ್ಗಿ, ಬೇಕಾದಷ್ಟು ಗಡಸು ಉಳಿಯುತ್ತದೆ. ಅದು ತುದಿ ಮುಟ್ಟಿದೊಡನೆ ಇಡೀ ಉಳಿಯನ್ನು ನೀರಿಗಿಳಿಸಿದೆ.

ಈಗ ಚಕ್ಕೆ ಏಳುತ್ತಿಲ್ಲ. ಮೊಂಡಾದಾಗ ಸಾಣೆ ಹಿಡಿದರೆ ಸಾಕು.