ಪಡುಕೆರೆಯಲ್ಲಿ ಹನ್ನೊಂದು ತಿಂಗಳ ಬಾಡಿಗೆ ಮನೆ

ಕಡಲ ಪಕ್ಕ ಮನೆ ನೋಡಲು ಹೋದಾಗ ನಾನು ಮೊದಲು ಕೇಳಿದ್ದು ಬಾವಿ ಎಲ್ಲಿದೆ ಅಂತ. ಮೇ ತಿಂಗಳು, ಬಾವಿಗಳೆಲ್ಲ ತಳ ಹಿಡಿಯುವ ಹೊತ್ತು. ಒಂದು ಕೊಡ ಸೇದಿಸಿ, ಬೊಗಸೆಯಲ್ಲಿ ತಗೊಂಡು ಕುಡಿದು ನೋಡಿದೆ. ಸಿಹಿಯಾಗಿತ್ತು. ಮೇ ತಿಂಗಳಲ್ಲಿ ಸಿಹಿ ಇರುವ ಬಾವಿ ಉಳಿದ ತಿಂಗಳಲ್ಲಿ ಕೈಕೊಡುವುದಿಲ್ಲ. ಅದಕ್ಕೂ ಮುಂಚೆ ನೋಡಿದ ಮನೆಯಿಂದ ಕಡಲು ಚೆನ್ನಾಗಿ ಕಾಣುತ್ತಿತ್ತು, ಬಾಡಿಗೆಯೂ ಕಡಿಮೆ. ಆದರೆ ನೀರು ಉಪ್ಪು. ಅದನ್ನು ಬಿಟ್ಟೆವು.

ನಮ್ಮದು ದಾವಣಗೆರೆ. ಯಜಮಾನರಿಗೆ ಉಡುಪಿಯಲ್ಲಿ ಒಂದು ವರ್ಷದ ಮಟ್ಟಿಗೆ ಕೆಲಸ ಬಂತು. ಪೇಟೆಯಲ್ಲೇ ಫ್ಲಾಟ್ ಹಿಡಿಯಬಹುದಿತ್ತು. ಕಡಲ ಪಕ್ಕ ಬದುಕಿ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ, ಹಾಗಾಗಿ ಮಲ್ಪೆಯ ಸೇತುವೆ ದಾಟಿ ಪಡುಕೆರೆಗೆ ಹೋದೆವು. ಅದೊಂದು ಉದ್ದನೆಯ ಮರಳಿನ ಪಟ್ಟಿ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ. ಎರಡೂ ಕಡೆ ಉಪ್ಪುನೀರು ಇರುವಾಗ ನಡುವೆ ಸಿಹಿನೀರು ಎಲ್ಲಿಂದ? ಮಳೆನೀರು ಮರಳಿನಲ್ಲಿ ಇಂಗಿ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ, ಯಾಕೆಂದರೆ ಅದು ಹಗುರ. ಒಂದೇ ಸಮನೆ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಇಲ್ಲಿ ಬೋರ್‌ವೆಲ್‌ಗಿಂತ ತೆರೆದ ಬಾವಿ ಮೇಲು ಅನ್ನುವುದಕ್ಕೆ ಕಾರಣ ಇದೇ. ಮನೆ ಯಜಮಾನಿ ಅಮ್ಮ ಕೀಲಿಕೈ ಕೊಡುವಾಗಲೇ ಹೇಳಿದ್ದರು: "ಬೇಸಿಗೆಯಲ್ಲಿ ಪಂಪ್ ಜಾಸ್ತಿ ಹೊತ್ತು ಓಡಿಸ್ಬೇಡಿ ಮಾರಾಯ್ರೆ, ಉಪ್ಪು ಬರ್ತದೆ." ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಅಂತ ಟ್ಯಾಂಕ್ ತುಂಬಿಸಿಕೊಂಡೆವು. ಮಾರ್ಚ್, ಏಪ್ರಿಲ್‌ನಲ್ಲೂ ಅಡುಗೆಗೆ ಅದೇ ನೀರು.

ಎರಡನೇ ಪ್ರಶ್ನೆ ಕಡಲಿನದು. ಹಿಂದಿನ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅಕ್ಕಪಕ್ಕದ ಮೂರು ಮನೆಯಲ್ಲಿ ಬೇರೆಬೇರೆಯಾಗಿ ಕೇಳಿದೆ. ಎಲ್ಲರೂ ತೋರಿಸಿದ್ದು ದಡದ ಒಂದೇ ತೆಂಗಿನಮರವನ್ನು. ಅದರ ಬೇರು ಅರ್ಧ ಹೊರಗೆ ಬಂದಿತ್ತು. ನಮ್ಮ ಮನೆ ಅದಕ್ಕಿಂತ ಸಾಕಷ್ಟು ಹಿಂದೆ, ರಸ್ತೆಯ ಈಚೆಗೆ ಇತ್ತು. ಕಡಲ್ಕೊರೆತಕ್ಕೆ ಕಲ್ಲು ಹಾಕಿದ್ದಾರೆ ಅಂತ ನಂಬಿ ದಡಕ್ಕೆ ಅಂಟಿಕೊಂಡ ಮನೆ ಹಿಡಿಯಬೇಡಿ. ನಾಲ್ಕು ತಿಂಗಳು ರಾತ್ರಿಯಿಡೀ ಆ ಸದ್ದು ಕೇಳಿಕೊಂಡು ಮಲಗಬೇಕಲ್ವಾ?

ಸಾಮಾನು ಕಡಿಮೆ ತಂದೆವು. ಟೀಕ್ ಮಂಚ, ಸೋಫಾ, ಪುಸ್ತಕದ ಕಪಾಟು ಊರಲ್ಲೇ ಉಳಿದವು. ಪ್ಲಾಸ್ಟಿಕ್ ಕುರ್ಚಿ, ಮಡಚುವ ಮಂಚ, ಸ್ಟೀಲ್ ಡಬ್ಬಿಗಳು ಬಂದವು. ಇಲ್ಲಿಯ ಗಾಳಿಯಲ್ಲೇ ಉಪ್ಪಿದೆ. ಗೇಟಿನ ತಿರುಗಣೆಗೆ ಗ್ರೀಸ್ ಹಚ್ಚದಿದ್ದರೆ ಬೇಗ ತುಕ್ಕು ಹಿಡಿಯುತ್ತದೆ. ಸ್ಕೂಟರನ್ನು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆಯುತ್ತಿದ್ದೆವು. ಲ್ಯಾಪ್‌ಟಾಪಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬ.

ಮಳೆ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮೂರಲ್ಲಿ ವರ್ಷವಿಡೀ ಬೀಳುವುದರ ಐದಾರು ಪಟ್ಟು ಮಳೆ ಇಲ್ಲಿ ಬೀಳುತ್ತದೆ. ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಗಾಳಿ ನೈಋತ್ಯದಿಂದ ಹೊಡೆಯುತ್ತದೆ, ಮಳೆ ಅಡ್ಡಡ್ಡ ಬರುತ್ತದೆ. ಪಡುಬದಿಯ ಜಗಲಿಗೆ ಅಕ್ಕಪಕ್ಕದವರು ಮಡಲಿನ, ಅಂದರೆ ತೆಂಗಿನ ಗರಿಯ, ತಟ್ಟಿ ಕಟ್ಟುತ್ತಿದ್ದರು. ನಾವೂ ಕಟ್ಟಿಸಿದೆವು, ಮೇಲೊಂದು ಟರ್ಪಾಲು ಹೊದಿಸಿ. ಆ ಬದಿಯ ಬಾಗಿಲು ಸೆಪ್ಟೆಂಬರ್‌ವರೆಗೆ ತೆಗೆಯಲಿಲ್ಲ. ಗಾಳಿಗೆ ಮಡಲು ಬಿದ್ದು ತಂತಿ ಹರಿದರೆ ಕರೆಂಟ್ ಇಲ್ಲ, ಹಾಗಾಗಿ ಮೊದಲೇ ಇನ್ವರ್ಟರ್ ತಂದಿಟ್ಟೆವು. ಬಟ್ಟೆ ಒಣಗುವುದು ಬಚ್ಚಲಮನೆಯಲ್ಲಿ ಮಾತ್ರ. ತೆಂಗಿನ ಸಿಪ್ಪೆ, ಮಡಲು ಹಾಕಿ ನೀರು ಕಾಯಿಸುವ ಒಲೆ ಅಲ್ಲಿತ್ತು. ಅದರ ಮೇಲೆ ಹಗ್ಗ ಕಟ್ಟಿ ಮಗಳ ಯೂನಿಫಾರಂ ಹರವುತ್ತಿದ್ದೆ. ಹೊಗೆ ವಾಸನೆ ಸ್ವಲ್ಪ ಇರುತ್ತಿತ್ತು, ಆದರೆ ಬೂಷ್ಟು ಹಿಡಿಯಲಿಲ್ಲ. ಜೋಳದ ಹಿಟ್ಟನ್ನು ಊರಿಂದ ಅರ್ಧರ್ಧ ಕೆಜಿ ತರಿಸಿಕೊಂಡೆ. ಮಂಡಕ್ಕಿ ಮಾತ್ರ ಪೊಟ್ಟಣ ಬಿಚ್ಚಿದ ಕೂಡಲೇ ತಿಂದು ಮುಗಿಸಬೇಕು, ತಟ್ಟೆಯಲ್ಲಿದ್ದಂತೆಯೇ ಮೆತ್ತಗಾಗುತ್ತದೆ.

ಮಗಳಿಗೆ ಒಂದೇ ಕಟ್ಟಪ್ಪಣೆ: ಮಳೆಗಾಲದಲ್ಲಿ ನೀರಿಗೆ ಕಾಲಿಡುವ ಹಾಗಿಲ್ಲ. ಮಲ್ಪೆ ಬೀಚಿನಲ್ಲಿ ಆಗ ಬಲೆ ಕಟ್ಟಿ ತಡೆಯುತ್ತಾರೆ. ನಮ್ಮ ಮನೆ ಎದುರು ಹಾಗೇನೂ ಇರಲಿಲ್ಲ, ನಾವೇ ನೋಡಿಕೊಳ್ಳಬೇಕಿತ್ತು.

ಊರಿಗೆ ಹೊಂದಿಕೊಳ್ಳುವುದು ಅಂದರೆ ಮೀನುಗಾರರ ವರ್ಷಕ್ಕೆ ಹೊಂದಿಕೊಳ್ಳುವುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತಾಗಿ ನಿಂತಿರುತ್ತವೆ. ನಾಡದೋಣಿಗಳಿಗೆ ಸಿಕ್ಕಿದ್ದಷ್ಟೇ ಮೀನು, ಬೆಲೆ ಏರಿರುತ್ತದೆ. ಮನೆಮನೆಯಲ್ಲಿ ಕೈ ಬಿಗಿ. ನಾವು ಬಂದಿದ್ದು ಅದೇ ಸಮಯಕ್ಕೆ. ಅಂಗಳದಲ್ಲಿ ಬಲೆ ಸರಿಮಾಡುತ್ತಾ ಕೂತವರ ಹತ್ತಿರ ಮಾತಾಡಲು ಬೇಕಾದಷ್ಟು ಹೊತ್ತಿತ್ತು, ಪರಿಚಯ ಆಗಿದ್ದೇ ಹಾಗೆ. ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ದಡದಲ್ಲಿ ಕೈರಂಪಣಿ, ಅಂದರೆ ದಡದಿಂದಲೇ ಹಗ್ಗ ಹಿಡಿದು ಎಳೆಯುವ ಬಲೆ, ಎಳೆಯುತ್ತಿದ್ದರು. ಪಕ್ಕದ ಮನೆಯ ಅಕ್ಕ "ಬನ್ನಿ, ಹಗ್ಗ ಹಿಡೀರಿ" ಅಂದರು. ಹಗ್ಗ ಒದ್ದೆ, ಒರಟು, ಮರಳು ಅಂಟಿ ಅಂಗೈ ಉರಿಯುತ್ತಿತ್ತು. ಬಲೆ ದಡಕ್ಕೆ ಬಂದಾಗ ಬೂತಾಯಿ ಮೀನುಗಳು ಬೆಳ್ಳಗೆ ಹೊಳೆಯುತ್ತಾ ಪಟಪಟ ಹೊಡೆದುಕೊಂಡವು. ನಾವು ಮೀನು ತಿನ್ನುವುದಿಲ್ಲ ಅಂತ ಅವರಿಗೆ ಗೊತ್ತು. ಮಧ್ಯಾಹ್ನ ಮಟ್ಟುಗುಳ್ಳ ತಂದುಕೊಟ್ಟರು. ಪಡುಕೆರೆಯ ದಕ್ಷಿಣಕ್ಕಿರುವ ಮಟ್ಟು ಊರಿನ ಬದನೆ ಅದು, 2011ರಲ್ಲಿ ಆ ಊರಿನದೇ ಬೆಳೆ ಅಂತ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದದ್ದು. ಅವರು ಹುಳಿ ಮಾಡುತ್ತಾರೆ, ನಾನು ಎಣ್ಣೆಗಾಯಿ ಮಾಡಿ ಒಂದು ಬಟ್ಟಲು ವಾಪಸ್ ಕೊಟ್ಟೆ. ರೊಟ್ಟಿ ಜೊತೆಗೆ ತಿಂದು ಅವರ ಮನೆಯವರೆಲ್ಲ ಇಷ್ಟಪಟ್ಟರು. ಆಮೇಲೆ ಪಾತ್ರೆಗಳು ಎರಡೂ ಮನೆ ನಡುವೆ ಓಡಾಡುತ್ತಲೇ ಇದ್ದವು.

ಕರಾರು ಹನ್ನೊಂದು ತಿಂಗಳದ್ದು. ಅದು ಏಪ್ರಿಲ್ ಕೊನೆಗೆ ಮುಗಿಯುವಂತೆ ಬಂದಾಗಲೇ ಲೆಕ್ಕ ಹಾಕಿದ್ದೆವು. ಮಳೆಯಲ್ಲಿ ಹಾಸಿಗೆ, ಹಿಟ್ಟು ಹೊತ್ತ ಲಾರಿ ಘಾಟಿ ಹತ್ತುವುದು ಬೇಡ ಅಂತ. ಹೊರಡುವ ಮುನ್ನ ಫ್ಯಾನಿನ ರೆಕ್ಕೆ, ಗ್ಯಾಸ್ ಸ್ಟೌ, ಸ್ಕೂಟರ್ ಎಲ್ಲವನ್ನೂ ಒದ್ದೆಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಒಣಗಿಸಿ ಲಾರಿಗೆ ಹತ್ತಿಸಿದೆವು. ಉಪ್ಪು ಹಾಗೇ ಉಳಿದರೆ ಒಣ ಊರಿಗೆ ಹೋದ ಮೇಲೂ ತುಕ್ಕು ನಿಲ್ಲುವುದಿಲ್ಲ. ಇನ್ವರ್ಟರನ್ನು ಪಕ್ಕದ ಮನೆ ಅಕ್ಕನಿಗೆ ಅರ್ಧ ಬೆಲೆಗೆ ಕೊಟ್ಟು ಬಂದೆವು, ಜೂನ್‌ಗೆ ಅವರಿಗೆ ಬೇಕಾಗುತ್ತಿತ್ತು.